ಹಡಗಿನೊಳಗಿದ್ದವನು ಬರೆದ ಹಡಗು

ಇಂಗ್ಲೆಂಡಿನ ಎರಡನೆಯ ಚಾರ್ಲ್ಸ್ ದೊರೆ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳನ್ನು ಮದುವೆಯಾದಾಗ ಬಳುವಳಿಯಾಗಿ ಮುಂಬಯಿ ಬಂತೆಂಬುದನ್ನು ನಾವೆಲ್ಲ ಓದಿದ್ದೇವೆ. ಅದೇ ಬಳುವಳಿಯಲ್ಲಿ ಇನ್ನೊಂದು ಊರೂ ಇತ್ತು. ಅದು ಆಫ್ರಿಕಾದ ಉತ್ತರ ತುದಿಯ ಟ್ಯಾಂಜಿಯರ್ ಬಂದರು. ಮುಂಬಯಿಯನ್ನು ದೊರೆ 1668ರಲ್ಲಿ ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟುಬಿಟ್ಟ. ಟ್ಯಾಂಜಿಯರನ್ನು ಮಾತ್ರ ತಾನೇ ಇಟ್ಟುಕೊಂಡು, ಅಲ್ಲಿನ ಕೋಟೆಕೊತ್ತಲಗಳ ಚಿತ್ರ ಬರೆದು ತರಲು ಒಬ್ಬ ಕಲಾವಿದನನ್ನು ಕಳಿಸಿದ. ಅವನ ಹೆಸರು ವೆನ್ಸೆಸ್ಲಾಸ್ ಹಾಲರ್. ಪ್ರಾಗ್ ನಗರದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ್ದ ಈತನಿಗೆ ಆಗ ಅರವತ್ತು ದಾಟಿತ್ತು.

ಕೆಲಸ ಮುಗಿಸಿ ಹಿಂದಿರುಗುವಾಗ ಹಾಲರ್ ಏರಿದ್ದು ಕ್ಯಾಪ್ಟನ್ ಜಾನ್ ಕೆಂಪ್‌ಥಾರ್ನನ 'ಮೇರಿ ರೋಸ್' ಎಂಬ ಯುದ್ಧನೌಕೆಯನ್ನು. (1545ರಲ್ಲಿ ಮುಳುಗಿ 1982ರಲ್ಲಿ ಮೇಲೆತ್ತಲಾದ ಪ್ರಸಿದ್ಧ ಮೇರಿ ರೋಸ್ ಬೇರೆ, ಇದು ಬೇರೆ.) 1669ರ ಡಿಸೆಂಬರ್ 29ರಂದು ಅಲ್ಜಿಯರ್ಸಿನ ಕಡಲ್ಗಳ್ಳರ ಏಳು ಹಡಗುಗಳು ಅದರ ಮೇಲೆರಗಿದವು. ಕೆಂಪ್‌ಥಾರ್ನ್ ಕಾದಾಡಿ ಅವುಗಳನ್ನು ಹಿಮ್ಮೆಟ್ಟಿಸಿದ. ಮರುವರ್ಷ ಅವನಿಗೆ 'ಸರ್' ಪದವಿ ದೊರೆಯಿತು. ಹಾಲರ್ ಆ ಕಾಳಗದ ಚಿತ್ರ ಬರೆದು ತಾಮ್ರದ ತಗಡಿನ ಮೇಲೆ ಕೊರೆದ. ನಡುವೆ ಮೇರಿ ರೋಸ್, ಸುತ್ತಲೂ ಏಳು ವೈರಿ ಹಡಗುಗಳು, ಫಿರಂಗಿಗಳ ಹೊಗೆ. 1670ರಲ್ಲಿ ಜಾನ್ ಓಗಿಲ್ಬಿ ಪ್ರಕಟಿಸಿದ 'ಆಫ್ರಿಕಾ' ಎಂಬ ದಪ್ಪ ಗ್ರಂಥದಲ್ಲಿ ಅದು ಸೇರಿತು.

ಈ ಚಿತ್ರವನ್ನು ಒಮ್ಮೆ ನನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೆ ತೋರಿಸಿದೆ. ಕಣ್ಣಾರೆ ಕಂಡವನೇ ಬರೆದದ್ದು ಎಂದು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆನೆನ್ನಿ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಅವರು ಹಡಗಿನ ಒಳಗೇ ಇದ್ದರಲ್ಲ, ಮತ್ತೆ ಆ ಹಡಗನ್ನು ಹೊರಗಿನಿಂದ ಹೇಗೆ ನೋಡಿದರು?" ಎಂದಳು.

ಪರೀಕ್ಷೆಗೆ ಬರುವ ಪ್ರಶ್ನೆಯಲ್ಲ ಇದು. ಆದರೆ ಇಡೀ ವರ್ಷದಲ್ಲಿ ಇಷ್ಟು ಒಳ್ಳೆಯ ಪ್ರಶ್ನೆ ನನ್ನ ತರಗತಿಯಲ್ಲಿ ಬಂದಿರಲಿಲ್ಲ.

ನಿಜ ತಾನೆ? ಚಿತ್ರದಲ್ಲಿರುವ ನೋಟ ಯಾರದು? ನೀರಿನ ಮೇಲೆ ಎಲ್ಲೋ ದೂರದಲ್ಲಿ ಸುರಕ್ಷಿತವಾಗಿ ನಿಂತವನದು. ಅಂಥ ಜಾಗದಲ್ಲಿ ಹಾಲರ್ ಇರಲಿಲ್ಲ. ಆ ಕಾಲದ ಕರಿ ಮದ್ದು ಒಮ್ಮೆ ಸಿಡಿದರೆ ದಟ್ಟ ಬಿಳಿ ಹೊಗೆ ಕವಿಯುತ್ತಿತ್ತು. ಹಲವು ಫಿರಂಗಿಗಳು ಒಟ್ಟಿಗೆ ಸಿಡಿದರಂತೂ ಹಡಗಿನ ಮೇಲಿದ್ದವನಿಗೆ ಪಕ್ಕದ ಹಾಯಿಕಂಬ ಕಂಡರೆ ಹೆಚ್ಚು. ಸಾಲದ್ದಕ್ಕೆ ಹಾಲರನಿಗೆ ದೂರದೃಷ್ಟಿ ಮಂದವಾಗಿತ್ತೆಂದು ಅವನನ್ನು ಬಲ್ಲ ಜಾನ್ ಆಬ್ರಿ ಬರೆದಿಟ್ಟಿದ್ದಾನೆ. ಹತ್ತಿರದ್ದನ್ನು ಭೂತಗನ್ನಡಿ ಹಿಡಿದು ನೋಡಬೇಕಾದಷ್ಟು ಸೂಕ್ಷ್ಮವಾಗಿ ಕೊರೆಯುತ್ತಿದ್ದ ಕೈ ಅದು. ಅಂದಮೇಲೆ ಆ ದಿನ ಹಾಲರ್ ಕಂಡದ್ದಕ್ಕಿಂತ ಕೇಳಿದ್ದೇ ಹೆಚ್ಚಿದ್ದೀತು: ಗುಂಡಿನ ಸದ್ದು, ಮರ ಸೀಳುವ ಸದ್ದು, ಗಾಯಗೊಂಡವರ ಕೂಗು. ಅದೊಂದೂ ಚಿತ್ರದಲ್ಲಿಲ್ಲ. ಅವನು ಆಮೇಲೆ ಮೇಜಿನ ಮುಂದೆ ಕೂತು, ನೆನಪು, ನಾವಿಕರ ಮಾತು, ಹಡಗುಗಳ ಬಗೆಗಿನ ತನ್ನ ತಿಳಿವಳಿಕೆ ಇವನ್ನೆಲ್ಲ ಸೇರಿಸಿ ಕಾಳಗವನ್ನು ಕಟ್ಟಿದ್ದಿರಬೇಕು. ತಾನು ಕಾಣಲಾಗದ ಜಾಗದಿಂದ ತನ್ನನ್ನೇ ನೋಡಿಕೊಂಡ ಎನ್ನಬಹುದು.

ತಗಡಿನ ಕೆಲಸವೂ ನೇರವಲ್ಲ. ತಾಮ್ರಕ್ಕೆ ಮೇಣದ ಲೇಪ ಹಚ್ಚಿ, ಸೂಜಿಯಿಂದ ಗೀಚಿ, ಆಮ್ಲದಲ್ಲಿ ಅದ್ದುತ್ತಾರೆ. ಗೀಚಿದಲ್ಲಿ ಮಾತ್ರ ಆಮ್ಲ ಲೋಹವನ್ನು ತಿನ್ನುತ್ತದೆ. ಮಸಿ ತುಂಬಿ ಕಾಗದಕ್ಕೆ ಒತ್ತಿದಾಗ ಎಡ ಬಲವಾಗುತ್ತದೆ, ಬಲ ಎಡವಾಗುತ್ತದೆ. ಹಾಗಾಗಿ ಹಡಗುಗಳನ್ನೂ ಅಕ್ಷರಗಳನ್ನೂ ತಿರುಗುಮುರುಗಾಗಿಯೇ ಬರೆಯಬೇಕು. ಸುಮಾರು 2,700 ತಗಡುಗಳನ್ನು ಕೊರೆದ ಹಾಲರನಿಗೆ ಇದು ಅಭ್ಯಾಸವಾಗಿಹೋಗಿತ್ತು. ಇಷ್ಟು ದುಡಿದೂ ಅವನು 1677ರಲ್ಲಿ ಬಡತನದಲ್ಲೇ ಸತ್ತ.

ಹಾಗಾದರೆ ಚಿತ್ರ ಸುಳ್ಳೇ? ನಾನು ಹಾಗೆನ್ನಲಾರೆ. ನಮಗೆ ಹತ್ತಿರದ ಉದಾಹರಣೆ ನೋಡಿ. 1792ರಲ್ಲಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಕಾರ್ನ್‌ವಾಲಿಸ್ ಒತ್ತೆಯಾಳಾಗಿ ಪಡೆದ ದೃಶ್ಯವನ್ನು ಹಲವರು ಬರೆದರು. ಅವರಲ್ಲಿ ರಾಬರ್ಟ್ ಹೋಮ್ ಸೈನ್ಯದೊಂದಿಗೆ ಬಂದಿದ್ದವನು; ಚಿತ್ರದ ಒಂದು ಅಂಚಿನಲ್ಲಿ ತನ್ನನ್ನೂ ಬರೆದುಕೊಂಡಿದ್ದಾನೆ. ಹೆನ್ರಿ ಸಿಂಗಲ್ಟನ್ ಶ್ರೀರಂಗಪಟ್ಟಣವನ್ನೇ ನೋಡದೆ ಇಂಗ್ಲೆಂಡಿನಲ್ಲಿ ಕೂತು ಬರೆದ. ಪುಸ್ತಕದಲ್ಲಿ ಅಚ್ಚಾದಾಗ ಎರಡೂ ಒಂದೇ ತೂಕದವಾಗಿ ಕಾಣುತ್ತವೆ. ಮಕ್ಕಳ ಜೊತೆ ಕೂತು ಪಾಠ ಓದಿಸುವ ತಂದೆತಾಯಂದಿರು ಚಿತ್ರದ ಕೆಳಗಿನ ಸಾಲನ್ನಷ್ಟೇ ಓದಿಸಿ ಮುಂದೆ ಹೋಗುತ್ತಾರೆ. ಬರೆದವನು ಎಲ್ಲಿ ನಿಂತಿದ್ದ ಎಂದೂ ಒಮ್ಮೆ ಕೇಳಿ ನೋಡಲಿ.

ತರಗತಿಯಲ್ಲಿ ಆ ದಿನ ಮಾತು ಅಲ್ಲಿಗೇ ನಿಲ್ಲಲಿಲ್ಲ. ಕಡಲ್ಗಳ್ಳರೆಂದರೆ ಕಳ್ಳರೇ ತಾನೆ ಎಂದು ಒಬ್ಬ ಹುಡುಗ ಕೇಳಿದ. ಅಲ್ಜಿಯರ್ಸಿನ ಹಡಗುಗಳಿಗೆ ಅಲ್ಲಿನ ಸರ್ಕಾರದ ಅನುಮತಿಯಿತ್ತು, ಲೂಟಿಯಲ್ಲಿ ಸರ್ಕಾರಕ್ಕೆ ಪಾಲೂ ಇತ್ತು. ಹಿಡಿದ ಜನರನ್ನು ಗುಲಾಮರಾಗಿ ಮಾರುತ್ತಿದ್ದರು, ಇಲ್ಲವೆ ಹಣ ಪಡೆದು ಬಿಡುತ್ತಿದ್ದರು. 'ಡಾನ್ ಕ್ವಿಕ್ಸೋಟ್' ಬರೆದ ಸರ್ವಾಂಟಿಸ್ 1575ರಲ್ಲಿ ಸೆರೆಸಿಕ್ಕಿ ಐದು ವರ್ಷ ಅಲ್ಲಿದ್ದ. ಇತ್ತ ಮಾಲ್ಟಾ ದ್ವೀಪದ ಕ್ರೈಸ್ತ ಯೋಧರು ಮುಸ್ಲಿಮರ ಹಡಗುಗಳನ್ನು ಹಿಡಿದು ಇದೇ ವ್ಯಾಪಾರ ನಡೆಸುತ್ತಿದ್ದರು. ಇಷ್ಟನ್ನು ಹೇಳುವಷ್ಟರಲ್ಲಿ ಗಂಟೆ ಬಾರಿಸಿತು. ಬೆಂಚಿನ ಹುಡುಗಿ ಮಾತ್ರ ಚಿತ್ರದ ಮೇಲೆ ಬೆರಳಿಟ್ಟು, ಏಳು ಹಡಗುಗಳಲ್ಲಿ ಯಾವುದರಲ್ಲಾದರೂ ಚಿತ್ರ ಬರೆಯುವವನು ಇದ್ದಿದ್ದರೆ ಮೇರಿ ರೋಸನ್ನು ಎಷ್ಟು ದೊಡ್ಡದಾಗಿ ಬರೆಯುತ್ತಿದ್ದ ಎಂದು ಪಕ್ಕದವಳನ್ನು ಕೇಳುತ್ತಿದ್ದಳು.