ಮದ್ದು ಕೊಟ್ಟರೆ ಸಾಲದು



ಪ್ಲಸ್ ಟು ಮುಗಿಸಿದ ನಮ್ಮ ಯುವಕೂಟದ ತಂಗಿಯೊಬ್ಬಳು ಮೊನ್ನೆ ಕೇಳಿದಳು: “ಅಕ್ಕಾ, ಚೀಟಿ ನೋಡಿ ಮಾತ್ರೆ ತೆಗೆದುಕೊಡಲಿಕ್ಕೆ ಎರಡು ವರ್ಷ ಓದಬೇಕಾ?” ಈ ಸಂಶಯ ನಿಮ್ಮಲ್ಲಿ ಹಲವರಿಗೆ ಇರಬಹುದು. ಹಾಗಾಗಿ ಇದನ್ನು ಬರೆಯುತ್ತಿದ್ದೇನೆ.

ಡಿ.ಫಾರ್ಮಾಕ್ಕೆ ಪ್ಲಸ್ ಟುವಿನಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ ಮತ್ತು ಬಯಾಲಜಿ ಅಥವಾ ಗಣಿತ ಇರಬೇಕು. ಎರಡು ವರ್ಷದ ಓದು, ಆಮೇಲೆ 500 ಗಂಟೆಗಳ ತರಬೇತಿ. ರಾಜ್ಯದ ಫಾರ್ಮಸಿ ಕೌನ್ಸಿಲಿನಲ್ಲಿ ಹೆಸರು ನೋಂದಾಯಿಸಿದ ಮೇಲಷ್ಟೇ ಡಾಕ್ಟರ ಚೀಟಿಯ ಮದ್ದು ಕೊಡುವ ಹಕ್ಕು. 1948ರ ಫಾರ್ಮಸಿ ಕಾಯ್ದೆ ಹೇಳುವುದು ಅದನ್ನೇ. ಇನ್ನೂ ಓದುವ ಆಸೆಯಿದ್ದರೆ ನಾಲ್ಕು ವರ್ಷದ ಬಿ.ಫಾರ್ಮಾ, ಆರು ವರ್ಷದ ಫಾರ್ಮ್ ಡಿ ಇದೆ.

ನಾನು ಮಂಗಳೂರಿನಲ್ಲಿ ಇಂಗ್ಲಿಷಿನಲ್ಲಿ ಕಲಿತೆ. ಕೆಲಸ ಮಾಡುವುದು ಕಾಸರಗೋಡಿನ ಮೆಡಿಕಲ್ ಶಾಪಿನಲ್ಲಿ. ಇಲ್ಲಿ ಒಂದು ಬೆಳಗ್ಗೆಯೊಳಗೆ ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ ಎಲ್ಲ ಕಿವಿಗೆ ಬೀಳುತ್ತದೆ.

ಒಂದು ಸಂಜೆ ಎಪ್ಪತ್ತು ದಾಟಿದ ಅಜ್ಜಿಯೊಬ್ಬರು ಗಂಟುನೋವಿನ ಚೀಟಿ ಹಿಡಿದು ಬಂದರು. ಮದ್ದು ಮೆಥೊಟ್ರೆಕ್ಸೇಟ್. ಗಂಟುನೋವಿಗೆ ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನವೂ ನುಂಗಿದರೆ ಬಾಯಿ ಹುಣ್ಣಾಗಿ, ರಕ್ತಕಣಗಳು ಇಳಿದು, ಜೀವಕ್ಕೇ ಅಪಾಯ. ಡಾಕ್ಟರು ಇಂಗ್ಲಿಷಿನಲ್ಲಿ ಸರಿಯಾಗಿಯೇ ಬರೆದಿದ್ದರು. ಆಸ್ಪತ್ರೆಯಲ್ಲಿ ಮಲಯಾಳದಲ್ಲಿ ಹೇಳಿಯೂ ಇದ್ದರಂತೆ. ಅಜ್ಜಿ ತಲೆಯಾಡಿಸಿ ಬಂದಿದ್ದರು.

“ಅಜ್ಜಿ, ಇದನ್ನು ಹೇಗೆ ತೆಕ್ಕೊಳ್ತೀರಿ?”

“ದಿನಾ ರಾತ್ರಿ ಊಟ ಆದ ಮೇಲೆ ಮೂರು, ಮಗಳೇ.”

ಎದೆ ಧಸಕ್ಕೆಂದಿತು. “ದಿನಾ ಅಲ್ಲ ಅಜ್ಜಿ, ವಾರಕ್ಕೆ ಒಂದೇ ಸಲ. ಯಾವ ದಿನ ಆದ್ರೆ ನಿಮಗೆ ಮರೆಯುವುದಿಲ್ಲ?”

“ಆದಿತ್ಯವಾರ. ಅವತ್ತು ಪೂಜೆಗೆ ಹೋಗ್ತೇನಲ್ಲ.”

ಕವರಿನ ಮೇಲೆ ದೊಡ್ಡದಾಗಿ ಕನ್ನಡದಲ್ಲಿ ಬರೆದೆ: ‘ಆದಿತ್ಯವಾರ ಮಾತ್ರ, ಮೂರು ಮಾತ್ರೆ’. ಚೀಟಿಯಲ್ಲಿದ್ದ ಫೋಲಿಕ್ ಆಸಿಡ್‌ಗೆ ಬೇರೆ ದಿನ, ಬೇರೆ ಕವರ್. ಅವರ ಬಾಯಿಂದಲೇ ಎರಡು ಸಲ ಹೇಳಿಸಿದೆ, ಮೊಮ್ಮಗನಿಗೂ ಫೋನ್ ಮಾಡಿದೆ. ತಿಂಗಳ ನಂತರ ಖಾಲಿ ಸ್ಟ್ರಿಪ್ ತಂದು ತೋರಿಸಿದರು. ನಾಲ್ಕು ಆದಿತ್ಯವಾರ, ಹನ್ನೆರಡು ಮಾತ್ರೆ, ಲೆಕ್ಕ ಸರಿಯಿತ್ತು.

ಇಲ್ಲ ಎನ್ನುವುದೂ ಈ ಕೆಲಸವೇ. “ಹೋದ ಸಲದ ಜ್ವರದ ಮಾತ್ರೆ ಎರಡು ಕೊಡು” ಎಂದು ಪರಿಚಯದ ಮಾವ ಕೇಳುತ್ತಾರೆ. ಅದು ಸೆಫಿಕ್ಸಿಮ್, ಚೀಟಿಯಿಲ್ಲದೆ ಕೊಡುವಂತಿಲ್ಲ. ಕೊಟ್ಟದ್ದನ್ನೆಲ್ಲ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ತೋರಿಸಿದರೆ ಮಾವನಿಗೆ ಸಿಟ್ಟು. ಅರ್ಧಂಬರ್ಧ ಆಂಟಿಬಯೋಟಿಕ್ ತಿಂದರೆ ನಾಳೆ ನಿಜವಾಗಿ ಬೇಕಾದಾಗ ಅದೇ ಮದ್ದು ಹಿಡಿಯದೆ ಹೋಗಬಹುದು ಎಂದು ನಮ್ಮ ಭಾಷೆಯಲ್ಲಿ ಹೇಳಿದರೆ ಸ್ವಲ್ಪ ಗೊಣಗಿ ಡಾಕ್ಟರ ಹತ್ತಿರ ಹೋಗುತ್ತಾರೆ.

ಕನ್ನಡ ಮಾಧ್ಯಮದಲ್ಲಿ ಓದಿದೆವೆಂದು ಹಿಂಜರಿಯುವವರಿಗೆ ನನ್ನದೊಂದೇ ಮಾತು: ಗಡಿನಾಡಿನಲ್ಲಿ ಮದ್ದಿನ ಜೊತೆ ನಿಮ್ಮ ಭಾಷೆಯೂ ಬೇಕು. ಇಂಗ್ಲಿಷನ್ನು ಕಾಲೇಜಿನಲ್ಲಿ ಕಲಿಯಬಹುದು.

ಈ ಕೋರ್ಸಿಗೆ ಸೇರದಿದ್ದರೂ ಒಂದು ಕೆಲಸ ಮಾಡಿ. ಈ ವಾರ ಮನೆಯ ಹಿರಿಯರ ಮದ್ದಿನ ಡಬ್ಬ ತೆರೆದು, ಒಂದೊಂದು ಮಾತ್ರೆ ಯಾವಾಗ, ಯಾಕೆ ತೆಗೆದುಕೊಳ್ಳುತ್ತಾರೆಂದು ಕೇಳಿ. ಉತ್ತರ ಚೀಟಿಗೆ ಹೊಂದದಿದ್ದರೆ ಆ ಡಬ್ಬವನ್ನೇ ಹಿಡಿದು ಡಾಕ್ಟರ ಬಳಿಗೋ ನಮ್ಮಂಥವರ ಬಳಿಗೋ ಬನ್ನಿ.