ಹಣೆಯ ಮೇಲಿನ ನಾಲ್ಕು ಅಂಕಿ

ಕಂಪ್ಲಿಯ ನಮ್ಮ ಮನೆ ಮುಂದೆ ನಿಲ್ಲುತ್ತಿದ್ದ ಟಾಟಾ 1613 ಲಾರಿಯೇ ನನಗೆ ಲೆಕ್ಕದ ಮೊದಲ ಪಾಠ. ಅಪ್ಪ ನನ್ನನ್ನು ಎತ್ತಿಕೊಂಡು ಅದರ ಹಣೆಯ ಅಂಕಿ ತೋರಿಸುತ್ತಿದ್ದರು. ‘ಮೊದಲಿನ ಎರಡು ತೂಕ, ಕೊನೇ ಎರಡು ಶಕ್ತಿ. ಲೋಡು ಸೇರಿ ಹದಿನಾರು ಟನ್, ನೂರಾ ಮೂವತ್ತು ಹಾರ್ಸ್‌ಪವರ್. ಇದನ್ನ ಮೀರಬ್ಯಾಡ, ಲಾರಿ ನಿನ್ನ ಕೈ ಬಿಡಲ್ಲ.’ ಹಳೆಯ 1210 ಅಂದರೆ 12 ಟನ್, 100 ಹಾರ್ಸ್‌ಪವರ್. ಆ ನಾಲ್ಕಂಕಿ ಕಾರ್ಖಾನೆ ಕೊಟ್ಟ ಮಾತು ಎಂದೇ ಅಪ್ಪ ನಂಬಿದ್ದರು.

ಮೊದಲು ನಮ್ಮದು ಭತ್ತದ ಬಾಡಿಗೆ. ತುಂಗಭದ್ರೆಯ ಸೇತುವೆ ದಾಟಿ ಗಂಗಾವತಿಯ ಮಿಲ್ಲುಗಳಿಗೆ ಚೀಲ ಮುಟ್ಟಿಸಿ ಬಂದರೆ ದಿನ ಮುಗಿಯುತ್ತಿತ್ತು. ಚೀನಾದಲ್ಲಿ ಕಬ್ಬಿಣದ ಅದಿರಿಗೆ ಬೇಡಿಕೆ ಏರಿ, 2003ರ ಸುಮಾರಿಗೆ ಸಂಡೂರಿನ ಬೆಟ್ಟಗಳ ಕಡೆ ಲಾರಿಗಳು ಹರಿಯತೊಡಗಿದವು. ನಮ್ಮದೂ ಹೋಯಿತು. ಬೇಸಿಗೆ ರಜೆಯಲ್ಲಿ ನಾನು ಕ್ಲೀನರ್. ಸಂಡೂರಿನಿಂದ ಹೊಸಪೇಟೆಗೆ ಬರುವ ದಾರಿಯಲ್ಲಿ ಮಟಮಟ ಮಧ್ಯಾಹ್ನ ಹೆಡ್‌ಲೈಟ್ ಹಾಕಿಕೊಂಡು ಓಡಿದ್ದೇವೆ, ಅಷ್ಟು ಧೂಳು. ಪಾಪಿನಾಯಕನಹಳ್ಳಿಯ ಹೊಲಗಳಲ್ಲಿ ಎಲೆಯ ಹಸಿರು ಕಾಣದೆ ಕೆಂಪೇ ಕಾಣುತ್ತಿತ್ತು.

ಬಾಡಿಗೆ ಟನ್ನಿನ ಲೆಕ್ಕ. ಎಲ್ಲ ಕೇಡಿಗೂ ಬೇರು ಅದೇ. ನಮ್ಮ ಲಾರಿಯ ಬರೀ ತೂಕ ಹೆಚ್ಚುಕಡಿಮೆ ಆರು ಟನ್, ಪಾಸಿಂಗ್ ಅಂದರೆ ಕಾನೂನು ಒಪ್ಪುವ ಲೋಡು ಹತ್ತು ಟನ್. ಅಕ್ಕಪಕ್ಕದವರು ಹದಿನಾರು, ಹದಿನೇಳು ಟನ್ ತುಂಬಿ ತಾಡಪತ್ರಿ ಬಿಗಿಯುತ್ತಿದ್ದರು. ಪರ್ಮಿಟ್ಟಿನಲ್ಲಿ ಮಾತ್ರ ಹತ್ತೇ. ಅಪ್ಪ ಹತ್ತಕ್ಕೆ ಕೈ ಅಡ್ಡ ಹಿಡಿದರೆ ಲೋಡಿಂಗಿನವರು ನಮ್ಮ ಲಾರಿಯನ್ನು ಸಾಲಿನ ಕೊನೆಗೆ ತಳ್ಳುತ್ತಿದ್ದರು. ಅವರಿಗೆ ಎರಡು ಟ್ರಿಪ್ಪಾದರೆ ನಮಗೆ ಒಂದು. ತಿಂಗಳ ಕಂತು ಮಾತ್ರ ಇಬ್ಬರಿಗೂ ಒಂದೇ.

ಲೆಕ್ಕ ಹಾಕಿ ನೋಡಿ. 16 ಟನ್ನಿಗೆ 130 ಹಾರ್ಸ್‌ಪವರ್ ಅಂದರೆ ಟನ್ನಿಗೆ ಎಂಟು. ಹದಿನೇಳು ಟನ್ ತುಂಬಿದರೆ ಒಟ್ಟು 23. ಟನ್ನಿಗೆ ಆರೂ ಸಿಗುವುದಿಲ್ಲ. ಏರಿನಲ್ಲಿ ಫಸ್ಟ್ ಗೇರಿನಲ್ಲೂ ಎಂಜಿನ್ ಏದುಸಿರು ಬಿಡುತ್ತದೆ. ಇಳಿಜಾರಿನಲ್ಲಿ 16 ಟನ್ನಿಗೆಂದು ಮಾಡಿದ ಬ್ರೇಕಿಗೆ 23 ಟನ್ ತಡೆಯುವ ಕೆಲಸ. ಲೈನರ್ ಸುಟ್ಟ ವಾಸನೆ ನನ್ನ ಮೂಗಿನಲ್ಲಿ ಇನ್ನೂ ಇದೆ. ಸ್ಪ್ರಿಂಗ್ ಪಾಟಾ ಮುರಿದು ಪಕ್ಕಕ್ಕೆ ವಾಲಿದ ಲಾರಿಗಳನ್ನು ಎಣಿಸುತ್ತಾ ನಾವು ಇಳಿಯುತ್ತಿದ್ದೆವು.

ಬರೆದ ಅಂಕಿಗೂ ನಿಜದ ಅಂಕಿಗೂ ನಡುವಿನ ಇದೇ ಜಗಳ ಅಮೆರಿಕದ ಡ್ರ್ಯಾಗ್ ರೇಸಿನಲ್ಲೂ ಇತ್ತೆಂದು ಆಮೇಲೆ ಓದಿದೆ. ಕಾರಿನ ತೂಕವನ್ನು ಹಾರ್ಸ್‌ಪವರಿನಿಂದ ಭಾಗಿಸಿ ಅಲ್ಲಿ ವರ್ಗ ಕಟ್ಟುತ್ತಾರೆ. ಕಂಪನಿ ಶಕ್ತಿಯನ್ನು ಕಡಿಮೆ ಬರೆದರೆ ಕಾರು ಸುಲಭದ ವರ್ಗಕ್ಕೆ ಬಿದ್ದು ಗೆಲ್ಲುತ್ತದೆ. 1968ರಲ್ಲಿ ಫೋರ್ಡ್ ತನ್ನ 428 ಕೋಬ್ರಾ ಜೆಟ್ ಎಂಜಿನ್ನಿಗೆ ಬರೆದದ್ದು 335 ಹಾರ್ಸ್‌ಪವರ್. ನಿಜದಲ್ಲಿ ಅದಕ್ಕಿಂತ ಹೆಚ್ಚಿತ್ತು. ಸ್ಪರ್ಧೆ ನಡೆಸುವ ಎನ್‌ಎಚ್‌ಆರ್‌ಎ ಸಂಸ್ಥೆ ಕಾಗದವನ್ನಷ್ಟೇ ನಂಬದೆ, ಓಟ ನೋಡಿ ತಾನೇ ಅಂಕಿ ತಿದ್ದುವ ಪದ್ಧತಿ ಇಟ್ಟುಕೊಂಡಿತು. ಅಲ್ಲಿ ಶಕ್ತಿ ಮುಚ್ಚಿಟ್ಟರು, ಇಲ್ಲಿ ತೂಕ ಮುಚ್ಚಿಟ್ಟರು. ಎರಡೂ ಕಡೆ ಸೋತವನು ನಿಜ ಬರೆದವನು.

2005ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ದಂಡ ಕಟ್ಟಿಸಿಕೊಂಡು ಹೆಚ್ಚುವರಿ ಲೋಡಿನೊಂದಿಗೇ ಲಾರಿ ಬಿಡುವಂತಿಲ್ಲ, ಹೆಚ್ಚಿದ್ದನ್ನು ಇಳಿಸಲೇಬೇಕು ಎಂದಿತು. ಅಪ್ಪ ಆ ಸುದ್ದಿಯ ಪತ್ರಿಕೆಯನ್ನು ಮಡಚಿ ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಂಡರು. ಆದರೆ ನಮ್ಮ ದಾರಿಯಲ್ಲಿ ರಾಶಿ ತಗ್ಗಲಿಲ್ಲ. 2011ರ ಜುಲೈನಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಅದೇ ತಿಂಗಳ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ಹೊಸಪೇಟೆಯ ಸುತ್ತ ಲಾರಿಗಳು ಸಾಲುಸಾಲಾಗಿ ನಿಂತವು. ಮಳೆಗೆ ಟೈರು ಕೊಳೆತು, ಕ್ಯಾಬಿನ್ನಿನೊಳಗೆ ಹುಲ್ಲು ಬೆಳೆಯಿತು. ಅಳತೆ ಮೀರಿದವನ ಲಾರಿಯ ಪಕ್ಕದಲ್ಲೇ ಅಳತೆ ಕಾಯ್ದ ಅಪ್ಪನ ಲಾರಿಯೂ ನಿಂತಿತು. ಮರುವರ್ಷ ಅದನ್ನು ಗುಜರಿ ಬೆಲೆಗೆ ಮಾರಿ ಅಪ್ಪ ಕಂಪ್ಲಿಗೆ ಮರಳಿದರು.

ಗಣಿಗಳು ಮಿತಿಯೊಳಗೆ ಮತ್ತೆ ತೆರೆದಿವೆ. 2018ರಲ್ಲಿ ಕೇಂದ್ರ ಸರ್ಕಾರ ಹಿಂದಿನ ಆಕ್ಸಲ್ಲಿನ ಮಿತಿಯನ್ನು 10.2ರಿಂದ 11.5 ಟನ್ನಿಗೆ ಏರಿಸಿತು. ಆರು ಗಾಲಿಯ ಲಾರಿಯ ಒಟ್ಟು ತೂಕ 16.2ರಿಂದ 18.5 ಟನ್ ಆಯಿತು. ಮರುವರ್ಷ ಓವರ್‌ಲೋಡಿನ ದಂಡ 2,000ದಿಂದ 20,000 ರೂಪಾಯಿಗೆ ಹೋಯಿತು. ಹೆಚ್ಚುವರಿ ಟನ್ನಿಗೆ 2,000 ಬೇರೆ. ಈಗಿನ ಟಿಪ್ಪರುಗಳ ಹಣೆಯ ಮೇಲೆ 2823 ಎಂದಿರುತ್ತದೆ. ತಾಕತ್ತು ಹೆಚ್ಚಿದಂತೆ ಮಿತಿಯೂ ಹೆಚ್ಚಬೇಕಾದ್ದು ನ್ಯಾಯ. ಆದರೆ ಆ ಮಿತಿ ಎಲ್ಲರಿಗೂ ಒಂದೇ ಆಗಿದ್ದರೆ ಮಾತ್ರ ಅದು ನ್ಯಾಯ.

ಹೊಸದಾಗಿ ಲಾರಿ ಕೊಳ್ಳುವ ತಮ್ಮಂದಿರೇ, ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ಹಣೆಯ ನಾಲ್ಕಂಕಿ ಓದಿ, ಪಾಸಿಂಗ್ ಲೋಡಿನಲ್ಲೇ ಬಾಡಿಗೆ ಗಿಟ್ಟುತ್ತದೆಯೇ ಲೆಕ್ಕ ಹಾಕಿ. ಗಿಟ್ಟದಿದ್ದರೆ ಲೋಡು ಹೆಚ್ಚಿಸಬೇಡಿ. ಬಾಡಿಗೆ ಹೆಚ್ಚಿಸಿರೆಂದು ಒಟ್ಟಾಗಿ ಕೇಳಿ. ತೂಕದ ಕಾಟಾದ ಮೇಲೆ ಎಲ್ಲ ಲಾರಿಗೂ ಒಂದೇ ಅಳತೆ ಇರಲಿ ಎಂದು ಹಟ ಹಿಡಿಯಿರಿ. ನಮ್ಮಪ್ಪ ಒಬ್ಬರೇ ಕೇಳಿದರು, ಅದಕ್ಕೇ ಸೋತರು.