ಅಪ್ಪಯ್ಯನ ಕಿವಿಗೆ ಎರಡು ಪುಟ್ಟ ಸ್ಪೀಕರು

ಸ್ಪೀಕರ್ ಕೊಳ್ಳೋದರಲ್ಲಿ ಅಂಥದ್ದೇನಿದೆ, ಅಂಗಡಿಗೆ ಹೋಗಿ ದುಡ್ಡು ಕೊಟ್ಟು ತಂದರಾಯ್ತು ಅಂದುಕೊಂಡಿದ್ದವನು ನಾನು. ಮೊನ್ನೆ ಮೊನ್ನೆಯವರೆಗೂ.

ಶಿರಸಿ ಕಡೆಯ ನಮ್ಮೂರಿಂದ ಅಪ್ಪಯ್ಯ ಬಂದಿದ್ದ. ಬೆಂಗಳೂರಿನ ಫ್ಲಾಟಿನಲ್ಲಿ ತೋಟವಿಲ್ಲ, ಜಗುಲಿಯಿಲ್ಲ, ಕವಳ ಹಾಕಿ ಹರಟೆ ಹೊಡೆಯಲು ಜನವಿಲ್ಲ. ಹೊತ್ತು ಹೋಗಲಿ ಅಂತ ಕಂಪ್ಯೂಟರಿನಲ್ಲಿ ತಾಳಮದ್ದಳೆ ಹಾಕಿಕೊಟ್ಟೆ. ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥ ಅಂದರೆ ಅವನಿಗೆ ಪ್ರಾಣ. 2006ರಲ್ಲಿ ಶೇಣಿಯವರು ತೀರಿಕೊಂಡಾಗ ಎರಡು ದಿನ ಮಾತೇ ಆಡಿರಲಿಲ್ಲ. ಅಂಥವನು ಹತ್ತೇ ನಿಮಿಷಕ್ಕೆ ಎದ್ದು ಹೋಗಿ ಬಾಲ್ಕನಿಯಲ್ಲಿ ಕೂತುಬಿಟ್ಟ.

"ಸಾಕು ತಮಾ. ಬರೀ ಗದ್ದಲ. ಎಂತ ಹೇಳ್ತ ಹೇಳೇ ಗೊತ್ತಾಗ್ತಿಲ್ಲೆ."

ಆಟವಾದರೆ ವೇಷವಿದೆ, ಕುಣಿತವಿದೆ. ತಾಳಮದ್ದಳೆಯಲ್ಲಿ ಇರೋದೇ ಮಾತು. ಅದೇ ತಿಳಿಯದಿದ್ದರೆ ಇನ್ನೇನು ಕೇಳೋದು? ವಯಸ್ಸಾಯ್ತು, ಕಿವಿ ಹೋಯ್ತು, ಇನ್ನು ಇಷ್ಟೇ ಅಂತ ಅವನದೇ ತೀರ್ಮಾನ. (ಶ್ರವಣಯಂತ್ರ ಇದೆ. ಅದು ಮದುವೆಮನೆಗೆ ಹೋಗುವಾಗ ಮಾತ್ರ ಡಬ್ಬಿಯಿಂದ ಹೊರಗೆ ಬರುತ್ತದೆ.)

ನನಗೆ ಅನುಮಾನ ಬಂದಿದ್ದು ನನ್ನ ಸ್ಪೀಕರಿನ ಮೇಲೆ. ಅದು 2.1 ಸೆಟ್ಟು. ಮೇಜಿನ ಕೆಳಗೆ ಮೂಲೆಯಲ್ಲಿ ದೊಡ್ಡ ಸಬ್‌ವೂಫರ್ ಡಬ್ಬ, ಮೇಲೆರಡು ಬಡಪಾಯಿ ಸ್ಪೀಕರುಗಳು. ಸಿನಿಮಾ ನೋಡುವಾಗ ಕುರ್ಚಿ ನಡುಗಿದರೆ ಖುಷಿಯೇ ಬೇರೆ, ಒಪ್ಪೋಣ. ಆದರೆ ವಯಸ್ಸಾದಂತೆ ಕಿವಿ ಮೊದಲು ಕಳಕೊಳ್ಳೋದು ಮೇಲಿನ ಸ್ಥಾಯಿಯ ಸದ್ದನ್ನು. ಸ, ಶ, ತ, ಕ ಇಂಥ ವ್ಯಂಜನಗಳ ಗುರುತು ಇರೋದು ಬಹುಪಾಲು ಅಲ್ಲೇ, ಎರಡು ಸಾವಿರ ಹರ್ಟ್ಜ್‌ನ ಆಸುಪಾಸು ಮತ್ತು ಅದರ ಮೇಲೆ. ಸ್ವರಗಳು ಕೆಳಗಿರುತ್ತವೆ, ಜೋರಾಗಿಯೂ ಇರುತ್ತವೆ. ಹಾಗಾಗಿ ದನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಅದರ ಮೇಲೆ ಸಬ್‌ವೂಫರಿನ ಗುಂಯ್ ಕೂತರೆ ಮುಗಿಯಿತು. ಗೋಡೆಮೂಲೆಯಲ್ಲಿಟ್ಟರೆ ಆ ಗುಂಯ್ ಇನ್ನೂ ಊದಿಕೊಳ್ಳುತ್ತದೆ. ನಾನು ಇಟ್ಟಿದ್ದು ಅಲ್ಲೇ!

ಶನಿವಾರ ಎಸ್.ಪಿ. ರೋಡಿಗೆ ಹೋದೆ. ಸಾದರ ಪತ್ರಪ್ಪ ರಸ್ತೆ ಅಂತ ಪೂರ್ತಿ ಹೆಸರು ಹೇಳಿದರೆ ಆಟೋದವರೂ ಒಮ್ಮೆ ತಿರುಗಿ ನೋಡುತ್ತಾರೆ. ಅಂಗಡಿಯ ಹುಡುಗ ಒಂದು ಡಬ್ಬ ಎತ್ತಿ, "ಸಾವಿರ ವ್ಯಾಟ್ ಸಾರ್" ಅಂದ. ಕೆಳಗೆ ಸಣ್ಣಕ್ಷರದಲ್ಲಿ ಪಿಎಂಪಿಒ ಅಂತಿತ್ತು. ಅದಕ್ಕೊಂದು ನಿಗದಿಯಾದ ಅಳತೆಯೇ ಇಲ್ಲ, ಬರೆದವನ ಧಾರಾಳಕ್ಕೆ ಬಿಟ್ಟಿದ್ದು. ನೋಡಬೇಕಾದ್ದು ಆರ್‌ಎಂಎಸ್ ವ್ಯಾಟು. ಅದೂ ಬೇಡ, ಅಡಾಪ್ಟರ್ ತಿರುಗಿಸಿ ನೋಡಿ. ಹನ್ನೆರಡು ವೋಲ್ಟ್, ಒಂದು ಆಂಪಿಯರ್ ಅಂದರೆ ಹನ್ನೆರಡು ವ್ಯಾಟು. ಅಷ್ಟು ಕುಡಿಯುವ ಹಸು ಸಾವಿರ ಲೀಟರ್ ಹಾಲು ಕರೆಯುತ್ತದೆಯೇ? ಯುಎಸ್‌ಬಿ 2.0 ಪೋರ್ಟಿಂದ ನಡೆಯುವುದಾದರೆ ಐದು ವೋಲ್ಟ್, ಅರ್ಧ ಆಂಪಿಯರ್, ಒಟ್ಟು ಎರಡೂವರೆ ವ್ಯಾಟು. ಒಂದು ಮಾರು ದೂರದಲ್ಲಿ ಕೂತು ಮಾತು ಕೇಳಲು ಅದೇ ಧಾರಾಳ.

ಹುಡುಗ ಪರೀಕ್ಷೆಗೆ ಅಂತ ಡಮಡಮ ಹಾಡೊಂದನ್ನು ಹಾಕಿದ. ನಾನು ನನ್ನ ಮೊಬೈಲ್ ಚುಚ್ಚಿ ವಾಲಿವಧೆ ಹಾಕಿದೆ. "ಇದ್ಯಾವ ಹಾಡು ಸಾರ್?" ಅಂದ. "ಹಾಡಲ್ಲ ಮಾರಾಯ, ಜಗಳ" ಅಂದೆ.

ನಾಲ್ಕು ಜೋಡಿ ಕೇಳಿದ ಮೇಲೆ ಎರಡೇ ಪುಟ್ಟ ಸ್ಪೀಕರುಗಳ ಒಂದು ಜೋಡಿ ಆರಿಸಿದೆ. ಸಬ್‌ವೂಫರ್ ಇಲ್ಲ, ಬಣ್ಣದ ದೀಪ ಇಲ್ಲ. ಮುಖ ತುಸು ಮೇಲಕ್ಕೆ ವಾಲಿದೆ, ಹಾಗಾಗಿ ಸದ್ದು ಹೊಟ್ಟೆಗೆ ಬಡಿಯದೆ ಕಿವಿಗೆ ಬರುತ್ತದೆ. ಬ್ಲೂಟೂತ್ ಬೇಡವೆಂದೇ ಬಿಟ್ಟೆ. ಜೋಡಿಸು, ಹುಡುಕು, ಕಡಿದುಹೋಯ್ತು ಅನ್ನುವ ರಗಳೆ ಅಪ್ಪಯ್ಯನಿಗೆ ಯಾಕೆ? ಎದುರಿಗೇ ಒಂದು ತಿರುಗಣೆ. ತಿರುಗಿಸಿದರೆ ಟಕ್ ಅಂತ ಶುರು, ಮತ್ತೂ ತಿರುಗಿಸಿದರೆ ಜೋರು. ಹಳೇ ರೇಡಿಯೋದ ಹಾಗೆ.

ಮನೆಗೆ ತಂದರೆ ಕಿಂಯ್ಯ್ ಅಂತ ಸಣ್ಣಗೆ ಕೊರೆತ. ದುಡ್ಡು ನೀರುಪಾಲಾಯ್ತಲ್ಲ ಅಂದುಕೊಂಡೆ. ಸ್ಪೀಕರಿನ ಯುಎಸ್‌ಬಿ ತಂತಿಯನ್ನು ಕಂಪ್ಯೂಟರಿಂದ ಕಿತ್ತು ಮೊಬೈಲ್ ಚಾರ್ಜರಿಗೆ ಸಿಕ್ಕಿಸಿದೆ. ನಿಂತಿತು.

ಅಪ್ಪಯ್ಯನನ್ನು ಕರೆದು ಕೂರಿಸಿದೆ. ಒಲ್ಲದ ಮನಸ್ಸಿಂದಲೇ ಬಂದ. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ವಾಲಿ ರಾಮನನ್ನು ಹಿಡಿದುಕೊಂಡ ಸಂದರ್ಭ. ಅಪ್ಪಯ್ಯ ಸ್ವಲ್ಪ ಹೊತ್ತು ತಲೆ ಓರೆ ಮಾಡಿ ಕೇಳಿದ. ಕೈ ತಾನಾಗಿ ತಿರುಗಣೆಗೆ ಹೋಯಿತು. "ಈಗ ಕೇಳ್ತು ನೋಡು" ಅಂದ, ನನ್ನ ಕಡೆ ನೋಡದೇ. ಎಲ್ಲವೂ ತಿಳಿಯಿತು ಅಂತ ಹೇಳಲಾರೆ. ನಡುನಡುವೆ "ಎಂತ ಹೇಳಿದ್ದು?" ಅಂತ ಕೇಳಿದ, ಹಿಂದೆ ಹಾಕಿಕೊಟ್ಟೆ. ಅರ್ಧ ಗಂಟೆಯ ಮೇಲೆ ಅವನೇ ನಿಲ್ಲಿಸಲು ಹೇಳಿ, ರಾಮ ಇದಕ್ಕೆ ಏನು ಉತ್ತರ ಕೊಡಬೇಕು ಅಂತ ನನ್ನವಳಿಗೂ ನನಗೂ ಏರುದನಿಯಲ್ಲಿ ಅರ್ಥ ಹೇಳತೊಡಗಿದ. ಒಲೆಯ ಮೇಲಿದ್ದ ಹಾಲು ಉಕ್ಕಿತು.

ವಾಪಸ್ ಹೋಗುವಾಗ ಸ್ಪೀಕರಿನ ಡಬ್ಬವನ್ನು ಬ್ಯಾಗಿಗೆ ಹಾಕಲು ಬಿಡಲಿಲ್ಲ, ಬಸ್ಸಿನಲ್ಲಿ ತೊಡೆಯ ಮೇಲೇ ಇಟ್ಟುಕೊಂಡ. ನನ್ನ ಹಳೇ ಕಂಪ್ಯೂಟರ್ ಊರಲ್ಲಿದೆ. ಮರುದಿನ ಬೆಳಗ್ಗೆ ಏಳಕ್ಕೇ ಫೋನು.

"ತಮಾ, ಇದರ ವೈರು ಹಸಿರು ಬಣ್ಣದ್ದಕ್ಕೋ, ಗುಲಾಬಿದಕ್ಕೋ?"

"ಹಸಿರಿಗೆ ಅಪ್ಪಯ್ಯಾ, ಗುಲಾಬಿ ಮೈಕಿಗೆ" ಅಂದೆ.

"ಎಂತಾ?" ಅಂದ.